ಐಸಿಯುನಿಂದ ಮನೆಗೆ ಕಳಿಸುವ ಮುನ್ನ ಮನೆಯವರಿಗೆ ಕೆಲಸ ಕಲಿಸಿ

ಮಾನ್ಯ ಸಂಪಾದಕರೇ,

ಎರಡು ಮೂರು ವಾರ ಐಸಿಯುನಲ್ಲಿದ್ದ ರೋಗಿಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್, ಮಾತ್ರೆಗಳ ಪಟ್ಟಿ ಎಲ್ಲ ಇರುತ್ತವೆ. ಅಂದು ರಾತ್ರಿ ಗಂಟಲಿನ ಟ್ಯೂಬಿನಲ್ಲಿ ಕಫ ಕಟ್ಟಿದರೆ ಏನು ಮಾಡಬೇಕೆಂಬುದು ಇರುವುದಿಲ್ಲ. ಬಿಲ್ ಕಟ್ಟಲು ಓಡಾಡುತ್ತಿರುವ ಮಗನಿಗೆ ಐದು ನಿಮಿಷ ವಿವರಿಸಿ ಕಳಿಸುತ್ತಾರೆ. ರಾತ್ರಿಯೆಲ್ಲ ರೋಗಿಯ ಪಕ್ಕ ಕೂರುವವರು ಹೆಂಡತಿಯೋ ಸೊಸೆಯೋ.

ಟ್ರಕಿಯಾಸ್ಟಮಿ (ಉಸಿರಾಟಕ್ಕೆ ಕತ್ತಿನಲ್ಲಿ ರಂಧ್ರ ಮಾಡಿ ಇಟ್ಟ ಟ್ಯೂಬ್) ಇದ್ದವರ ಉಸಿರು ಮೂಗನ್ನು ಹಾಯದೆ ನೇರ ಒಳಗೆ ಹೋಗುತ್ತದೆ. ಗಾಳಿಗೆ ತೇವ ಸಿಗದೆ ಕಫ ಗಟ್ಟಿಯಾಗಿ ಟ್ಯೂಬಿನೊಳಗೇ ಅಂಟುತ್ತದೆ. ಫ್ಯಾನಿನ ನೇರ ಕೆಳಗೆ ಮಲಗಿಸಿದರೆ ಇನ್ನೂ ಬೇಗ. ತೇವ ಉಳಿಸುವ ಫಿಲ್ಟರ್ ಅಥವಾ ವೈದ್ಯರು ಹೇಳಿದಂತೆ ಸಲೈನ್ ನೆಬ್ಯುಲೈಸರ್ (ಉಪ್ಪುನೀರನ್ನು ಮಂಜಿನಂತೆ ಮಾಡಿ ಕೊಡುವ ಯಂತ್ರ) ಬೇಕು. ಗಂಟಲಿನ ಟ್ಯೂಬಿನೊಳಗೆ ಕೂರುವ, ಹೊರತೆಗೆಯಬಹುದಾದ ಒಳಟ್ಯೂಬನ್ನು ದಿನಕ್ಕೆ ಎರಡು ಮೂರು ಬಾರಿಯಾದರೂ ತೆಗೆದು ತೊಳೆಯಬೇಕು. ಕಫ ಎಳೆದು ತೆಗೆಯುವ ತೆಳು ನಳಿಕೆ, ಅಂದರೆ ಸಕ್ಷನ್ ಕ್ಯಾತಿಟರ್, ಒಳಗೆ ಬಿಡುವಾಗ ಎಳೆತ ಇರಬಾರದು. ಹೊರಗೆಳೆಯುವಾಗ ಮಾತ್ರ ಅದರ ಬದಿಯ ರಂಧ್ರವನ್ನು ಬೆರಳಿನಿಂದ ಮುಚ್ಚಬೇಕು. ಎಲ್ಲ ಸೇರಿ 10ರಿಂದ 15 ಸೆಕೆಂಡು, ಅದಕ್ಕಿಂತ ಹೆಚ್ಚಾದರೆ ಆಮ್ಲಜನಕ ಇಳಿಯುತ್ತದೆ. 8ನೇ ನಂಬರ್ ಟ್ಯೂಬಿಗೆ 12ನೇ ನಂಬರ್ ಕ್ಯಾತಿಟರ್ ಸಾಕು. ದಪ್ಪನೆಯದು ಟ್ಯೂಬಿನ ದಾರಿಯನ್ನೇ ಮುಚ್ಚುತ್ತದೆ. ರೋಗಿ ಏಕಾಏಕಿ ಏದುಸಿರು ಬಿಟ್ಟರೆ ಮೊದಲು ಒಳಟ್ಯೂಬ್ ಹೊರಗೆ ತೆಗೆಯಿರಿ, ಸಕ್ಷನ್ ಮಾಡಿ, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಇರುವ ಅಥವಾ ಕಾಲಿನಿಂದ ತುಳಿಯುವ ಸಕ್ಷನ್ ಯಂತ್ರವನ್ನೇ ತರಬೇಕು. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಮೂಗಿನಿಂದ ಹೊಟ್ಟೆಗೆ ಆಹಾರ ಹಾಕುವ ರೈಲ್ಸ್ ಟ್ಯೂಬಿಗೆ ಮೂಗಿನ ಅಂಚಿನಲ್ಲಿ ಪೆನ್ನಿನಿಂದ ಗುರುತು ಹಾಕಿಡಿ. ಗುರುತು ಸರಿದಿದ್ದರೆ ಏನನ್ನೂ ಹಾಕಬೇಡಿ, ಒಳಗೆ ತಳ್ಳಲೂ ಹೋಗಬೇಡಿ. ತಲೆ ಭಾಗ 30ರಿಂದ 45 ಡಿಗ್ರಿ ಎತ್ತರಿಸಿ, ಒಮ್ಮೆಗೆ 200 ಮಿ.ಲೀ. ಆಸುಪಾಸು ದ್ರವ ಆಹಾರವನ್ನು ಸಿರಿಂಜಿನಿಂದ ಒತ್ತದೆ ತಾನಾಗಿ ಇಳಿಯಲು ಬಿಡಿ. ಬಳಿಕ 30 ಮಿ.ಲೀ. ನೀರು, ಮುಂದಿನ ಮುಕ್ಕಾಲು ಗಂಟೆ ಅಡ್ಡ ಮಲಗಿಸಬಾರದು. ಟ್ಯೂಬ್ ಕಟ್ಟಿಕೊಳ್ಳುವುದು ಬಹುಪಾಲು ಸೋಸದ ರಾಗಿ ಗಂಜಿಯಿಂದ, ಇಲ್ಲವೇ ನುಣ್ಣಗೆ ಅರೆಯದ ಮಾತ್ರೆಯಿಂದ.

ಗಂಜಿಯ ಮಾತು ಬಂತು. ಕಾಯಿಲೆ ಬಿದ್ದವರಿಗೆ ‘ಹಗುರ ಊಟ’ ಎಂದು ತಿಂಗಳಿಡೀ ಅಕ್ಕಿ ಗಂಜಿ, ತಿಳಿಸಾರು ಕೊಡುವುದು ನಮ್ಮಲ್ಲಿ ರೂಢಿ. ಐಸಿಯುನಲ್ಲಿ ಕರಗಿದ ಮಾಂಸಖಂಡ ಇದರಿಂದ ಮರಳುವುದಿಲ್ಲ. 60 ಕಿಲೋ ತೂಕದವರಿಗೆ ದಿನಕ್ಕೆ 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿದರೆ ಗಂಜಿ ಎಲ್ಲಿಗೂ ಸಾಲದು. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ, ತಿನ್ನುವವರಿಗೆ ಮೀನು, ಕೋಳಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಬೇಕು.

ವೆಂಟಿಲೇಟರ್ ಟ್ಯೂಬ್ ತೆಗೆದು ಕೆಲವು ವಾರಗಳಾದ ಮೇಲೆ ಉಸಿರೆಳೆದುಕೊಳ್ಳುವಾಗ ಗೊರ್ ಎಂಬ ಸದ್ದು ಬಂದರೆ ಅಸ್ತಮಾ ಎಂದು ಇನ್ಹೇಲರ್ ಹಿಡಿದು ಕೂರಬೇಡಿ. ಶ್ವಾಸನಾಳ ಕಿರಿದಾಗಿರಬಹುದು, ಇಎನ್‌ಟಿ ತಜ್ಞರು ತಡಮಾಡದೆ ನೋಡಬೇಕು. ಇನ್ನು ಹೊತ್ತು ಗೊತ್ತಾಗದಿರುವುದು, ಕೆಟ್ಟ ಕನಸು, ಹಠಾತ್ ಭಯ. ಇದನ್ನು ‘ಗಾಳಿ ಸೋಕಿದೆ’ ಎನ್ನುವವರು ಈಗಲೂ ಇದ್ದಾರೆ. ವೈದ್ಯಕೀಯದಲ್ಲಿ ಇದಕ್ಕೆ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ (ಐಸಿಯು ನಂತರ ಕಾಡುವ ತೊಂದರೆಗಳು) ಎಂಬ ಹೆಸರೇ ಇದೆ. ಕನ್ನಡಕ, ಶ್ರವಣಯಂತ್ರ ಹಾಕಿಸಿ. ಕಣ್ಣೆದುರು ಗಡಿಯಾರ ಇರಲಿ. ಐಸಿಯುನಲ್ಲಿ ಶುರುವಾದ ನಿದ್ದೆಯ ಮಾತ್ರೆ ಎಂದಿನವರೆಗೆ ಎಂದು ಮೊದಲ ಭೇಟಿಯಲ್ಲೇ ಕೇಳಿ.

ಆಸ್ಪತ್ರೆಗಳಿಗೆ ನಮ್ಮ ಒತ್ತಾಯ ಇಷ್ಟು. ಡಿಸ್ಚಾರ್ಜ್‌ಗೆ 48 ಗಂಟೆ ಮೊದಲೇ ಸಕ್ಷನ್ ಯಂತ್ರ ವಾರ್ಡಿಗೆ ಬರಲಿ. ಮನೆಯ ಇಬ್ಬರು ನರ್ಸ್ ಎದುರಿನಲ್ಲಿ ತಮ್ಮ ಕೈಯಾರೆ ಮೂರು ಸಲವಾದರೂ ಸಕ್ಷನ್ ಮಾಡಿ, ಊಟ ಹಾಕಿ ತೋರಿಸಲಿ. ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಸೂಚನೆ, ರಾತ್ರಿ ಕರೆ ಮಾಡಬಹುದಾದ ವಾರ್ಡಿನ ನಂಬರ್ ಬರೆದುಕೊಡಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಿಲ್ ಮಂಜೂರಾತಿಗೆ ಡಿಸ್ಚಾರ್ಜ್ ಸಮ್ಮರಿಯ ಜೊತೆ, ಮನೆಯವರು ಸಹಿ ಮಾಡಿದ ಈ ಹಾಳೆಯನ್ನೂ ಸರ್ಕಾರ ಕಡ್ಡಾಯ ಮಾಡಲಿ.

– ಐಸಿಯು ಶುಶ್ರೂಷಾಧಿಕಾರಿಗಳು ಮತ್ತು ಫಿಸಿಯೊಥೆರಪಿಸ್ಟ್‌ಗಳು, ಹುಬ್ಬಳ್ಳಿ