ದಿನಕ್ಕೆ 70 ರಿಯಾಲ್

ದೋಹಾ, ಕತಾರ್
12 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಹಿಂದೆ ನಿಂತು ನಿನ್ನ ಮಾಣಿ ಹೇಳಿಕೊಡುತ್ತಿದ್ದದ್ದೂ ಕೇಳಿಸಿತು. ಫೋನಿನಲ್ಲಿ ಹೇಳಹೊರಟರೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವನಿಗೂ ಓದಿಸು.

ಮಾಣಿ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದರೆ ದಿನಕ್ಕೆ 70 ರಿಯಾಲ್ ದುಡಿಯಬಹುದು ಅಂತ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ವಿಸಿಟ್‌ನಲ್ಲಿ ಬಂದು ಇಲ್ಲೇ ಉಳಿದು ದುಡಿಯುವವರು ಇದ್ದಾರೆ, ದಿನಕ್ಕೆ 70 ರಿಯಾಲ್ ಸಿಗುವುದೂ ಉಂಟು. ಅಂಥವರಿಗೆ ನಮ್ಮವರೆಲ್ಲ ಖಲ್ಲಿವಲ್ಲಿ ಅನ್ನುತ್ತಾರೆ. ಅರಬ್ಬಿಯಲ್ಲಿ ‘ಬಿಟ್ಟಾಕು’ ಅಂದ ಹಾಗೆ. ಮನುಷ್ಯರಿಗೆ ಇಡುವ ಹೆಸರಾ ಮಾರಾಯ್ತಿ ಅದು!

ಕಂಪನಿಯ ಸಂಬಳದ ಪಟ್ಟಿ ಮಾಡುವವನು ನಾನೇ ಅಲ್ಲವಾ, ಆ ಲೆಕ್ಕವನ್ನೇ ಹೇಳುತ್ತೇನೆ. 2021ರ ಮಾರ್ಚ್‌ವರೆಗೆ ನಮ್ಮಲ್ಲಿ ಹೆಲ್ಪರ್‌ಗಳ ಬೇಸಿಕ್ ಸಂಬಳ ತಿಂಗಳಿಗೆ 750 ರಿಯಾಲ್ ಇತ್ತು. ಆ ತಿಂಗಳು ಹೊಸ ಕಾನೂನು ಬಂತು. ಯಾವ ದೇಶದವರಾದರೂ ಸರಿ, ಮನೆಗೆಲಸದವರಾದರೂ ಸರಿ, 1000ಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಊಟ ಕೊಡದಿದ್ದರೆ 300, ರೂಮು ಕೊಡದಿದ್ದರೆ 500 ಬೇರೆ. ಎಕ್ಸೆಲ್‌ನಲ್ಲಿ ನಾನೇ ಕೂತು ಒಂದೊಂದೇ ಹೆಸರಿನ ಎದುರು ತಿದ್ದಿದ್ದೆ, ಖುಷಿಯಿಂದಲೇ. ನಾಲ್ಕೂವರೆ ವರ್ಷ ಆಯಿತು. ಆ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಈಗಲೂ 1000, 1000, 1000. ಹತ್ತು ವರ್ಷ ದುಡಿದವನಿಗೂ ಅದೇ, ಮೊನ್ನೆ ಬಂದವನಿಗೂ ಅದೇ. ಕೇಳಿದರೆ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ‘ಸರ್ಕಾರ ಹೇಳಿದಷ್ಟು ಕೊಡ್ತಿದ್ದೇವಲ್ಲ’ ಅನ್ನುತ್ತಾರೆ.

26 ದಿನಕ್ಕೆ ಹಂಚಿದರೆ ದಿನಕ್ಕೆ 38 ಚಿಲ್ಲರೆ. ಅದರ ಪಕ್ಕ 70 ಇಟ್ಟರೆ ಮಾಣಿಗೆ ಆಸೆ ಹುಟ್ಟದೆ ಇರುತ್ತದಾ?

ನನ್ನ ರೂಮಿನಲ್ಲಿ ಪಕ್ಕದ ಮಂಚದಲ್ಲಿ ಒಬ್ಬ ಇದ್ದ. ನಮ್ಮ ಕಡೆಯವನೇ, ಊರು ಬೇಡ. ವಿಸಿಟ್‌ನಲ್ಲಿ ಬಂದು ಉಳಿದವನು. ಬಿಸ್ಕತ್ ರಟ್ಟಿನ ಒಂದು ತುಂಡಿನ ಮೇಲೆ ದಿನಕ್ಕೊಂದು ಗೀಟು ಹಾಕುತ್ತಿದ್ದ, ಐದಕ್ಕೊಂದು ಅಡ್ಡ. ಕೆಲಸ ಇಲ್ಲದ ದಿನ ಸೊನ್ನೆ. ಸೊನ್ನೆಯ ದಿನವೂ ಮಂಚದ ಬಾಡಿಗೆ, ಕುಬ್ಬೂಸ್ ರೊಟ್ಟಿಯ ದುಡ್ಡು ಬಿಡುವುದಿಲ್ಲವಲ್ಲ. ಕಾಂಟ್ರಾಕ್ಟರನಿಗೆ 70 ಕೊಟ್ಟರೂ ಲಾಭವೇ: ಇಲ್ಲಿರುವ ಪರವಾನಗಿಯ ಐಡಿ ಖರ್ಚಿಲ್ಲ, ರೂಮಿಲ್ಲ, ಟಿಕೆಟ್ಟಿಲ್ಲ, ಬ್ಯಾಂಕಿಗೆ ಹಾಕುವ ತಾಪತ್ರಯ ಇಲ್ಲ. ಕೊನೆಕೊನೆಗೆ ಆ 70ನ್ನೂ ಕೊಡಲಿಲ್ಲ. 19 ಗೀಟು, 1330 ರಿಯಾಲ್. ಕೈಗೆ ಬಂದದ್ದು 400. ‘ಬುಕ್ರಾ, ಬುಕ್ರಾ.’ ನಾಳೆ, ನಾಳೆ ಅಂತ. ನಮ್ಮ ಹೆಲ್ಪರ್‌ಗಳಿಗೆ ಸಂಬಳ ತಡವಾದರೆ ಸರ್ಕಾರದ ಕಂಪ್ಯೂಟರಿಗೇ ಗೊತ್ತಾಗುತ್ತದೆ. ಇವನು ದೂರು ಕೊಡಲು ಹೋದರೆ ಸಿಕ್ಕಿಬೀಳುವವನು ಇವನೇ. ವಿಸಿಟ್ ಮುಗಿದ ಮೇಲೆ ಉಳಿದರೆ ದಂಡ ದಿನಕ್ಕೆ 200 ರಿಯಾಲ್. ದುಡಿಮೆ 70, ದಂಡ 200, ನೀನೇ ಲೆಕ್ಕ ಹಾಕು.

ಐಡಿ ಇಲ್ಲದೆ ಎಕ್ಸ್‌ಚೇಂಜಿನಲ್ಲಿ ದುಡ್ಡು ಕಳಿಸಲಾಗದು. ಅವನ ತಾಯಿಗೆ ಹೋಗುತ್ತಿದ್ದದ್ದು ನನ್ನ ಹೆಸರಿನಲ್ಲಿ. ಹಲ್ಲುನೋವು ಬಂದಾಗ ಹನ್ನೊಂದು ದಿನ ಲವಂಗ ಕಚ್ಚಿಕೊಂಡೇ ಕೆಲಸಕ್ಕೆ ಹೋದ, ಆಸ್ಪತ್ರೆಗೆ ಹೆದರಿ. ಬೇಸಿಗೆಯಲ್ಲಿ ಹತ್ತರಿಂದ ಮೂರೂವರೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಉಂಟು, ಈ ಸೋಮವಾರಕ್ಕೆ ಮುಗಿಯುತ್ತದೆ. ಅವನನ್ನು ಆ ಹೊತ್ತಿನಲ್ಲಿ ಗೇಟು ಮುಚ್ಚಿ, ಒಳಗೆ ಎಸಿ ಇಲ್ಲದ ವಿಲ್ಲಾದಲ್ಲಿ ಪೇಂಟಿಗೆ ಹಾಕುತ್ತಿದ್ದರು.

ಈ ಫೆಬ್ರವರಿಯಲ್ಲಿ ಸರ್ಕಾರ ಅಂಥವರಿಗೆ ದೇಶ ಬಿಡಲು 3 ತಿಂಗಳು ಅವಕಾಶ ಕೊಟ್ಟಿತು. ಏಪ್ರಿಲ್‌ನಲ್ಲಿ ಹೋದ. ರಟ್ಟು ನನ್ನ ಹತ್ತಿರ ಬಿಟ್ಟು ಹೋಗಿದ್ದಾನೆ, ಬಾಕಿ ವಸೂಲಾದರೆ ಕಳಿಸು ಅಂತ. ಕಾಂಟ್ರಾಕ್ಟರನ ನಂಬರು ರಿಂಗೇ ಆಗುವುದಿಲ್ಲ.

ಮಾಣಿ ಬರುವುದೇ ಬೇಡ ಅನ್ನುತ್ತಿಲ್ಲ. ನೋಂದಾಯಿತ ಏಜೆಂಟ್ ಮೂಲಕ, ಕೆಲಸದ ವೀಸಾದಲ್ಲಿ, ಕರಾರು ಓದಿ ಬರಲಿ. ಅಂಥ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ; ನಿಮ್ಮ ಏಜೆಂಟ್ 1,20,000 ಕೇಳುತ್ತಿದ್ದಾನೆ. ಹತ್ತನೇ ಪಾಸಾದವರಿಗೆ ನಮ್ಮ ಕಡೆಯ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ಸರ್ಕಾರದ ಒಪ್ಪಿಗೆ, ಬೇಡ. ಓದಿದ್ದೇ ಮಾಣಿಗೆ ಎರವಾಗುತ್ತದೇನೋ ಅಂತ ಹೆದರಿಕೆ, ಯಾರೂ ತಡೆದು ಕೇಳುವುದಿಲ್ಲ.

ಪಕ್ಕದ ಮಂಚ ಮೊನ್ನೆ ಮತ್ತೆ ಖಾಲಿಯಾಯಿತು. ಯಾರಾದರೂ ಇದ್ದರೆ ಹೇಳು ಅಂತ ರೂಮಿನವರು ಕೇಳುತ್ತಿದ್ದಾರೆ. ನಾನು ಮಾಣಿಯ ಸುದ್ದಿ ಎತ್ತಿಲ್ಲ.

ಮುಂದಿನ ಶುಕ್ರವಾರ ರಜೆ. ಅವನ ಕೈಲೇ ಫೋನ್ ಮಾಡಿಸು. ಅಲ್ಲಿಯವರೆಗೆ ಬಳೆ ಬ್ಯಾಂಕಿಗೆ ಒಯ್ಯಬೇಡ.

ನಿನ್ನ ತಮ್ಮ