ಹಲ್ಲಿನ ಡಾಕ್ಟರಿಗೂ ಕ್ಯಾನ್ಸರಿಗೂ ಏನು ಸಂಬಂಧ?

ಸಂಪಾದಕರೇ,

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಜಿಲ್ಲೆಗೊಂದು ಕ್ಯಾನ್ಸರ್ ಆಸ್ಪತ್ರೆ ಬೇಕು ಅನ್ನುವ ಮಾತು ಆಗಾಗ ಎದ್ದು ಬರುತ್ತದೆ. ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿನ ಮಂದಿ ಈಗಲೂ ಸೊಲ್ಲಾಪುರ, ಮಿರಜ, ಬಾರ್ಶಿ, ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಅಂತ ಫೈಲು ಹಿಡಿದು ಅಲೆಯುತ್ತಾರೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಗೆ ಬಂದು ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದ ಮೇಲೆ ಇನ್ನೊಂದು ದಾರಿಯೂ ಆಯಿತು. ಆದರೆ ನಮ್ಮ ಚರ್ಚೆ ಎಲ್ಲ ಕಟ್ಟಡ ಎಷ್ಟು ಅಂತಸ್ತು, ಯಂತ್ರ ಎಷ್ಟು ಕೋಟಿ ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಒಳಗೆ ಯಾರು ಯಾರು ಇರುತ್ತಾರೆ, ಅವರು ಒಬ್ಬರಿಗೊಬ್ಬರು ಮಾತಾಡುತ್ತಾರಾ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅನ್ನೋದು ನಮಗೆ ಗೊತ್ತಾಗಿದ್ದು ಕಾಕಾನ ಗಲ್ಲದ ಒಳಗಿನ ಹುಣ್ಣು, ತುಣುಕು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂದಾಗ. ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತರಿಸಿ ಇಡುವುದು, ಊರಲ್ಲಿ ಅರ್ಧ ಮಂದಿಗೆ ಇರುವ ಚಟವೇ. (ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಈಗ ಪಾನ್ ಮಸಾಲದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ, ಎರಡನ್ನೂ ಜೋಡಿಯಾಗಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.) ಮೊದಲು ಹೋದ ಆಸ್ಪತ್ರೆಯಲ್ಲಿ ಆಪರೇಷನ್ ತಾರೀಕು ಕೊಟ್ಟರು, ಕರೆಂಟ್ (ಅಂದರೆ ರೇಡಿಯೇಷನ್) ಕೊಡಿಸುವುದು ಆಮೇಲೆ ಬೇರೆ ಕಡೆ ನೋಡಿಕೊಳ್ಳಿ ಅಂದರು. ಇನ್ನೊಬ್ಬರು ಮೊದಲು ಕೀಮೋ ಅಂದರು. ಯಾವುದು ಸರಿ ಅಂತ ತೀರ್ಮಾನ ಮಾಡಬೇಕಾದವರು ಯಾರು ಹೇಳಿ? ಪಡಸಾಲೆಯಲ್ಲಿ ಕೂತ ಬೀಗರು, ನೆಂಟರು!

ಕೊನೆಗೆ ಹೋದ ಆಸ್ಪತ್ರೆಯಲ್ಲಿ ಇದನ್ನು ತೀರ್ಮಾನಿಸಿದ್ದು ಟ್ಯೂಮರ್ ಬೋರ್ಡ್. ಆಪರೇಷನ್ ಮಾಡುವವರು, ಕೀಮೋ ಕೊಡುವವರು, ರೇಡಿಯೇಷನ್ ಡಾಕ್ಟರು, ಸ್ಕ್ಯಾನ್ ಓದುವವರು, ಬಯಾಪ್ಸಿ ನೋಡುವ ಪೆಥಾಲಜಿಸ್ಟ್, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಬ್ಬ ರೋಗಿಯ ಫೈಲನ್ನು ಒಟ್ಟಿಗೆ ನೋಡುತ್ತಾರೆ. ಮೊದಲು ಯಾವುದು, ಆಮೇಲೆ ಯಾವುದು ಅಂತ ಅಲ್ಲೇ ನಿರ್ಧಾರ ಆಗಿ ಬರವಣಿಗೆಯಲ್ಲಿ ಬರುತ್ತದೆ. ಐದು ಜನ ಐದು ಬಾಗಿಲ ಹಿಂದೆ ಕೂತು ಹೇಳಿದ್ದನ್ನು ಮನೆಮಂದಿ ಕೂಡಿಸಿ ಕಳೆಯುವ ಕೆಲಸ ತಪ್ಪುತ್ತದೆ.

ಆದರೆ ನಾನು ಹೇಳಹೊರಟಿದ್ದು ಬರೀ ದೊಡ್ಡ ಡಾಕ್ಟರುಗಳ ಬಗ್ಗೆ ಅಲ್ಲ. ಅಲ್ಲಿ ಆಪರೇಷನ್‌ಗೆ ಮೊದಲೇ ಕಾಕಾನನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಸುಮ್ನೆ ಬಿಲ್ ಏರಿಸೋಕೆ ಇರಬೇಕು ಅಂತ ನಮ್ಮಲ್ಲೊಬ್ಬರು ಗೊಣಗಿದ್ದೂ ಆಯಿತು. ವಿಷಯ ಏನಪ್ಪಾ ಅಂದರೆ, ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತದ ಓಟ ಕಡಿಮೆ ಆಗುತ್ತದೆ. ಆಮೇಲೆ ಹುಳುಕು ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ, ಕೆಲವರಿಗೆ ಮೂಳೆಯೇ ಸತ್ತುಹೋಗುತ್ತದೆ. ಹಾಗಾಗಿ ಕೆಟ್ಟ ಹಲ್ಲು ಮೊದಲೇ ತೆಗೆಯಬೇಕು, ಗಾಯ ಮಾಯಲು ಸುಮಾರು ಎರಡು ವಾರ ಬಿಡಬೇಕು. ಇತ್ತ ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕು ಅಂತಾದರೆ ಆದಷ್ಟು 6 ವಾರದೊಳಗೆ ಶುರು ಆಗಬೇಕು, ತಡವಾದರೆ ಗುಣ ಕಡಿಮೆ. ಈ ಎರಡೂ ಲೆಕ್ಕ ಹೊಂದಬೇಕು ಅಂದರೆ ಹಲ್ಲಿನವರು, ಸರ್ಜನ್, ರೇಡಿಯೇಷನ್‌ನವರು ಮೊದಲ ದಿನವೇ ಮಾತಾಡಿಕೊಂಡಿರಬೇಕು ಅಲ್ವಾ? ಕಾಕಾಗೆ ಆಪರೇಷನ್‌ನ ಮತ್ತಿನಲ್ಲೇ ಆ ಹಲ್ಲುಗಳನ್ನೂ ತೆಗೆದರು. ಬೇರೆ ದಿನ ಇಲ್ಲ, ಬೇರೆ ಸೂಜಿ ಇಲ್ಲ. ಮೊದಲ ಆಸ್ಪತ್ರೆಯಲ್ಲಿ ಯಾರೂ ಅವನ ಹಲ್ಲಿನ ಕಡೆ ನೋಡಿರಲೇ ಇಲ್ಲ.

ಆಮೇಲೆ ಫಿಸಿಯೋಥೆರಪಿ. ಬಾಯಿ ಸರಿಯಾಗಿ ತೆರೆದರೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು, ಇವನಿಗೆ ಬಾಯಿ ಬಿಗಿದು ಒಂದು ಬೆರಳು ಕಷ್ಟದಲ್ಲಿ ಹೋಗುತ್ತಿತ್ತು. ಫಿಸಿಯೋ ಹುಡುಗಿ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು ಕೊಟ್ಟಳು. ಹಲ್ಲುಗಳ ನಡುವೆ ಕಡ್ಡಿಗಳನ್ನು ಅಡ್ಡ ಜೋಡಿಸಿ ಸ್ವಲ್ಪ ಹೊತ್ತು ಹಿಡಿದಿರುವುದು, ಸಡಿಲ ಆಯಿತು ಅನಿಸಿದಾಗ ಇನ್ನೊಂದು ಕಡ್ಡಿ ತೂರಿಸುವುದು. ದಿನಕ್ಕೆ ಹಲವು ಸಲ. ಕಾಕಾ ಕಟ್ಟೆ ಮೇಲೆ ಕೂತು ಬಾಯಲ್ಲಿ ಕಡ್ಡಿ ಇಟ್ಟುಕೊಂಡೇ ಕೈಸನ್ನೆಯಲ್ಲಿ ಮಂದಿಯನ್ನು ಮಾತಾಡಿಸುತ್ತಿದ್ದ. ಕೋಟಿಗಟ್ಟಲೆ ಬೆಲೆಯ ಯಂತ್ರ ಮಾಡದ ಕೆಲಸವನ್ನು ಆ ಕಡ್ಡಿಗಳು ಮಾಡಿದವು.

ಊಟದ ವಿಷಯಕ್ಕೂ ಒಬ್ಬರು ಬೇಕೇ ಬೇಕು. ಬಾಯಿ, ಗಂಟಲಿನ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ ನಡೆಯುತ್ತದೆ. ಬಾಯಿ ಎಲ್ಲ ಹುಣ್ಣು, ಜೊಲ್ಲು ಒಣಗುತ್ತದೆ, ನೀರು ಕುಡಿದರೂ ಉರಿ. ನಮ್ಮ ಮಂದಿಗೆ ರೊಟ್ಟಿ ತಿನ್ನದಿದ್ದರೆ ಊಟ ಆದ ಲೆಕ್ಕವೇ ಇಲ್ಲ. ತೂಕ ಇಳಿದು ಸುಸ್ತಾಗಿ ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಊರಿಗೆ ಬರುತ್ತಾರೆ, ಬಿಟ್ಟರೆ ಅಲ್ಲಿವರೆಗಿನ ಚಿಕಿತ್ಸೆಯ ಫಲವೂ ಕೈತಪ್ಪುವ ಭಯ. ಅಲ್ಲಿನ ಡಯಟೀಷಿಯನ್ ಪುಸ್ತಕದ ಪಟ್ಟಿ ಕೊಡಲಿಲ್ಲ. ಮನೆಯಲ್ಲಿ ಏನು ಮಾಡುತ್ತೀರಿ ಅಂತ ಕೇಳಿ, ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಹಾಲು ಬೆರೆಸಿ, ಬೇಳೆ ಅರೆದು ತುಪ್ಪ ಹಾಕಿ, ಹುಳಿ ಖಾರ ಬಿಟ್ಟು ಕೊಡಿ ಅಂದರು. ವಾರ ವಾರ ತೂಕ ನೋಡಿದರು, ಇನ್ನೂ ಇಳಿದರೆ ಮೂಗಿನಿಂದ ಊಟದ ನಳಿಗೆ ಹಾಕಬೇಕಾಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ಯಾರೂ ಗಾಬರಿ ಆಗಲಿಲ್ಲ.

ದುಡ್ಡಿನ ಮಾತು ಬಿಡೋಕಾಗಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಒಂದು ಫಾರಂ ತುಂಬಿಸಿಕೊಳ್ಳಬೇಕು ಅಷ್ಟೇ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವ ಎಷ್ಟು ರೋಗಿಗಳಿಗೆ ಇದು ಗೊತ್ತಿದೆಯೋ! ನಮಗೆ ಹೇಳಿದ್ದು ಡಾಕ್ಟರಲ್ಲ, ಅಲ್ಲಿನ ಸಮಾಜ ಕಾರ್ಯಕರ್ತೆ. ಅವರೂ ತಂಡದವರೇ.

ನೋವು ನಿವಾರಣೆಯ ಡಾಕ್ಟರು ಅಂದರೆ ಮಾತ್ರ ನಮ್ಮ ಮಂದಿ ಹೆದರುತ್ತಾರೆ, ಇನ್ನೇನು ಮುಗೀತು ಅಂತ. ಅದು ತಪ್ಪು ತಿಳಿವಳಿಕೆ, ಅವರ ಕೆಲಸ ಮೊದಲ ದಿನದಿಂದಲೇ ಇರುತ್ತದೆ. ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಸಿಗಲಿ ಅಂತ 2014ರಲ್ಲಿ ಕಾನೂನನ್ನೇ ಸಡಿಲಿಸಿದ್ದಾರೆ, ಆದರೂ ನಮ್ಮ ತಾಲ್ಲೂಕು ಊರುಗಳಲ್ಲಿ ರಾತ್ರಿಯೆಲ್ಲ ನರಳುವವರಿಗೆ ಸಿಗುವುದು ಸಾದಾ ಗುಳಿಗೆಯೇ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಷ್ಟೆಲ್ಲ ಜನ ಇದ್ದದ್ದು ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಊರಲ್ಲಿ. ಚಿಕಿತ್ಸೆ ಮುಗಿಸಿ ಸಿಂದಗಿ ಕಡೆಯ ನಮ್ಮ ಹಳ್ಳಿಗೆ ಬಂದ ಮೇಲೆ ಬಾಯಿ ಮತ್ತೆ ಬಿಗಿಯಿತು, ತೂಕ ಇಳಿಯಿತು, ಕೇಳೋಣ ಅಂದರೆ ಇಲ್ಲಿ ಯಾರೂ ಇಲ್ಲ. 2025-26ರ ಕೇಂದ್ರ ಬಜೆಟ್‌ನಲ್ಲಿ 3 ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ (ಬಂದ ದಿನವೇ ಚಿಕಿತ್ಸೆ ಮುಗಿಸಿ ಮನೆಗೆ ಹೋಗುವ) ಕ್ಯಾನ್ಸರ್ ಕೇಂದ್ರ ಅಂತ ಹೇಳಿದ್ದಾರೆ. ಒಳ್ಳೆಯದು. ಆದರೆ ಅದು ಕೀಮೋ ಬಾಟಲಿ ನೇತುಹಾಕುವ ಕೋಣೆಯಾಗಿಯೇ ಉಳಿಯಬಾರದು. ವಾರಕ್ಕೊಂದು ಮಧ್ಯಾಹ್ನ ಫಿಸಿಯೋ, ಡಯಟೀಷಿಯನ್, ಹಲ್ಲಿನ ಡಾಕ್ಟರು, ನೋವಿನ ಔಷಧಿ ಬಲ್ಲ ಒಬ್ಬ ನರ್ಸ್ ಅಲ್ಲಿ ಕೂರಲಿ, ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಜೊತೆ ವಿಡಿಯೋದಲ್ಲಿ ಮಾತಾಡಲಿ. ಹೊಸ ಕಟ್ಟಡ ಬೇಡ, ಒಂದು ಕೋಣೆ ಸಾಕು.

ಓದುಗರಿಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ, ನಮ್ಮ ಕೇಸು ಟ್ಯೂಮರ್ ಬೋರ್ಡ್‌ಗೆ ಹೋಗಿದೆಯಾ ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಜಿಲ್ಲಾ ಆಸ್ಪತ್ರೆಯ ಡೇ ಕೇರ್ ಕೇಂದ್ರಕ್ಕೆ ಡಯಟೀಷಿಯನ್ ಮತ್ತು ಫಿಸಿಯೋ ಹುದ್ದೆ ಸೇರಿಸುತ್ತಾರಾ ಅಂತ ನಿಮ್ಮ ವರದಿಗಾರರು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿ, ಅವರು ಏನು ಹೇಳಿದರು ಅನ್ನುವುದನ್ನು ದಯವಿಟ್ಟು ಪ್ರಕಟಿಸಿ.

– ಒಬ್ಬ ಓದುಗ, ವಿಜಯಪುರ