ಮುಮ್ಮಡಿಯವರ ಕುದುರೆ ನಡೆ ಮಕ್ಕಳಿಗೂ ತಿಳಿಯಲಿ

ಮಾನ್ಯರೆ,

ಬೆಂಗಳೂರಿನ ಬಡಾವಣೆಗಳಲ್ಲಿ ಚೆಸ್ ತರಬೇತಿ ಕೇಂದ್ರಗಳು ಹೆಚ್ಚುತ್ತಿರುವುದು ಸಂತೋಷದ ಸಂಗತಿಯಾದರೂ, ಅಲ್ಲಿ ಕಲಿಯುವ ಮಕ್ಕಳಿಗೆ ಈ ಆಟಕ್ಕೂ ಕನ್ನಡ ನಾಡಿಗೂ ಇರುವ ಹಳೆಯ ನಂಟಿನ ಪರಿಚಯವೇ ಆಗುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲಂತೂ ಪೋಷಕರ ಉತ್ಸಾಹ ಇಮ್ಮಡಿಸಿದೆ. ಆಟ ಆರಂಭಿಸುವ ಕ್ರಮಗಳಲ್ಲೊಂದಾದ ಸಿಸಿಲಿಯನ್ ಡಿಫೆನ್ಸ್ ಕುರಿತು ಅರಳು ಹುರಿದಂತೆ ಮಾತನಾಡುವ ಮಗು, ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರು ಹೇಳಿದರೆ ಮಿಕಮಿಕ ನೋಡುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಚದುರಂಗದ ವಿವರಣೆಯಿದೆ. ಮುಮ್ಮಡಿಯವರು ಇನ್ನೂ ಮುಂದೆ ಹೋಗಿ, ಕುದುರೆಯು ಯಾವ ಮನೆಯನ್ನೂ ಎರಡನೆಯ ಬಾರಿ ಮುಟ್ಟದೆ 64 ಮನೆಗಳನ್ನೂ ಸುತ್ತುವ ನಡೆಗಳನ್ನು ರೂಪಿಸಿದರು. ಮೂಲೆಯ ಮನೆಯಿಂದ ಕುದುರೆಗೆ ಎರಡೇ ದಾರಿ, ನಡುವಿನ ಮನೆಯಿಂದ ಎಂಟು. ಆದ್ದರಿಂದ ಮೂಲೆಗಳನ್ನು ಕಡೆಗಣಿಸಿದವರು ಕೊನೆಯಲ್ಲಿ ಸಿಕ್ಕಿಬೀಳುವುದು ಬಹುಮಟ್ಟಿಗೆ ಖಚಿತ. ಲೆಕ್ಕಾಚಾರ ಕಲಿಸಲು ಇದಕ್ಕಿಂತ ಸೊಗಸಾದ ಅಭ್ಯಾಸ ಬೇರೊಂದಿರಲಾರದು. ಇದಕ್ಕೆ ಎದುರಾಳಿಯೂ ಬೇಕಿಲ್ಲ, ಈಗಿನ ತರಬೇತಿಯ ದುಬಾರಿ ಶುಲ್ಕವೂ ಬೇಕಿಲ್ಲ.

ಶಿಕ್ಷಣ ಇಲಾಖೆಯು ಶಾಲೆಗಳ ಗಣಿತ ಚಟುವಟಿಕೆಗಳಲ್ಲಿ ಕುದುರೆ ನಡೆಯನ್ನು ಸೇರಿಸಬೇಕು. ಬೇಸಿಗೆ ಶಿಬಿರಗಳನ್ನು ನಡೆಸುವವರು ಒಂದು ತರಗತಿಯನ್ನಾದರೂ ಚದುರಂಗದ ಚರಿತ್ರೆಗೆ ಮೀಸಲಿಡಲಿ. ನಗರದ ಉದ್ಯಾನಗಳ ಕಲ್ಲುಬೆಂಚುಗಳ ಮೇಲೆ ಚದುರಂಗದ ಮನೆಗಳನ್ನು ಕೆತ್ತಿಸಿ, ಪಕ್ಕದಲ್ಲಿ ಮುಮ್ಮಡಿಯವರ ಒಂದು ನಡೆಯನ್ನು ಅಂಕಿಗಳೊಂದಿಗೆ ಕನ್ನಡದಲ್ಲಿ ಬರೆಸುವುದು ಪಾಲಿಕೆಗೆ ದೊಡ್ಡ ಖರ್ಚೇನೂ ಆಗದು.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು